ಒಂದು ಕೊಟ್ಟಿಗೆ, ಎರಡು ಗೋದಲಿ

ನಮ್ಮ ಅತ್ತೆ ಕೊಟ್ರಬಸಮ್ಮ ಮತ್ತು ಮಾವ ಹಾಲಸಿದ್ದಪ್ಪ ಒಂದೇ ಸೂರಿನ ಕೆಳಗಿದ್ದು, ಒಂದೇ ಒಲೆಯ ರೊಟ್ಟಿ ತಿಂದು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬರಿಗೊಬ್ಬರು ನೇರವಾಗಿ ಮಾತಾಡಲಿಲ್ಲ. ಕಾರಣ ಹೇಳಿದರೆ ನೀವು ನಗುತ್ತೀರಿ. ಅಲಸಂದಿ. ಹೌದು, ಹೊಲದ ನಾಲ್ಕು ಸಾಲು ಅಲಸಂದಿ. ಸಣ್ಣವಳಿದ್ದಾಗ ನಾನೂ ನಗುತ್ತಿದ್ದೆ. ಬುದ್ಧಿ ಬಂದ ಮೇಲೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಈಗ ನೆನೆದರೆ ಬರೀ ಆಯಾಸ.

ಅತ್ತೆ ನಮ್ಮಪ್ಪನ ಅಕ್ಕ. ಹುಟ್ಟಿದ್ದು ಕುರುಗೋಡಿನಲ್ಲಿ, ಕೊಟ್ಟದ್ದು ಸಿರುಗುಪ್ಪದ ಕಡೆ, ಕೆಂಚನಗುಡ್ಡದಿಂದ ನಡೆದು ಹೋಗುವಷ್ಟು ದೂರದ ಒಂದು ಹಳ್ಳಿಗೆ. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮಜ್ಜ ಮಗಳನ್ನು ಕಳಿಸುವಾಗ ಬಳುವಳಿಯಾಗಿ ಒಂದು ಎಮ್ಮೆ ಕೊಟ್ಟಿದ್ದ. ಬಂಡಿಯ ಹಿಂದೆ ಕಟ್ಟಿದ ಆ ಎಮ್ಮೆ ದಾರಿಯುದ್ದಕ್ಕೂ ಕುರುಗೋಡಿನ ಕಡೆಗೇ ಕುತ್ತಿಗೆ ತಿರುಗಿಸಿಕೊಂಡು ನಡೆಯಿತಂತೆ. ಅತ್ತೆಯೂ ಹಾಗೇ ಕೂತಿದ್ದಳಂತೆ. ಇದನ್ನು ಹೇಳಿ ನಮ್ಮವ್ವ ನಗುತ್ತಿದ್ದಳು.

ಮಾವನದು ಕಪ್ಪು ನೆಲದ ಹೊಲ. ಸುತ್ತಲಿನವರ ಗದ್ದೆಗೆಲ್ಲ ಕಾಲುವೆಯ ನೀರು ತಾನಾಗಿ ಹರಿದು ಬಂದು ಭತ್ತ ಬೆಳೆಯುತ್ತಿತ್ತು. ಇವನ ಹೊಲ ಮಾತ್ರ ಒಂದು ಮೊಳ ಎತ್ತರ. ನೀರು ಹತ್ತುವುದಕ್ಕೆ ಮೀನಮೇಷ ಎಣಿಸುತ್ತಿತ್ತು. ಹೀಗಾಗಿ ಇಡೀ ಊರು ಅನ್ನ ಉಣ್ಣುವುದಕ್ಕೆ ಶುರು ಮಾಡಿದರೂ ಇವರ ಮನೆಯಲ್ಲಿ ಜೋಳದ ರೊಟ್ಟಿಯೇ ಉಳಿಯಿತು.

ಜೋಳವೆಂದರೆ ಅಕ್ಕಡಿ ಸಾಲು ಇರಲೇಬೇಕು. ಕೂರಿಗೆ ಹೊಡೆದು ಜೋಳ ಬಿತ್ತುವಾಗ ನಡುನಡುವೆ ಒಂದು ಸಾಲು ಬಿಟ್ಟು, ಅದರಲ್ಲಿ ಅಲಸಂದಿಯನ್ನೋ ಹೆಸರನ್ನೋ ಹಾಕುತ್ತಾರೆ. ಜೋಳ ಗಂಡಸಿನದು, ಅಕ್ಕಡಿ ಹೆಂಗಸಿನದು. ಹಾಗಂತ ಯಾರೂ ಬರೆದುಕೊಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುವವಳು ಮನೆಯ ಸೊಸೆ. ಕಳೆ ತೆಗೆಯುವವಳು ಅವಳು, ಕಾಯಿ ಬಿಡಿಸುವವಳು ಅವಳು. ಆ ಕಾಳು ಸಾರಿಗೆ ಬೀಳಬೇಕೋ, ತವರಿಗೆ ಹೋಗಬೇಕೋ, ಅದರ ಬಳ್ಳಿ ಯಾವ ದನದ ಮುಂದೆ ಬೀಳಬೇಕೋ ಹೇಳುವವಳೂ ಅವಳೇ. ಹೊಲದಲ್ಲಿ ಹಸಿದ ಗಂಡಸು ಕೂಡ ಕೇಳದೆ ಒಂದು ಕಾಯಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮದುವೆಯಾದ ಎರಡನೆಯ ವರ್ಷವೋ ಮೂರನೆಯದೋ, ಅತ್ತೆಯ ಅಲಸಂದಿ ಹುಲುಸಾಗಿ ಬಂದಿತ್ತು. ಮಹಾನವಮಿಗೆ ತವರಿಗೆ ಹೋಗುವಾಗ ಒಂದು ಚೀಲ ಕಾಳು ಒಯ್ಯುತ್ತೇನೆ ಎಂದು ಅವಳು ಕುರುಗೋಡಿಗೆ ಹೇಳಿ ಕಳಿಸಿಯೂ ಆಗಿತ್ತು. ಆ ವರ್ಷ ಮಾವನ ಎತ್ತುಗಳು ಸೊರಗಿದ್ದವು. ಒಂದು ದಿನ ಅವನು ಹೊಲಕ್ಕೆ ಹೋದವನು, ಯಾರನ್ನೂ ಕೇಳದೆ, ಹೂವು ಕಾಯಿ ಸಮೇತ ಅಲಸಂದಿ ಬಳ್ಳಿಯನ್ನೆಲ್ಲ ಕೊಯ್ದು, ಹಸಿ ಜೋಳದ ದಂಟಿನ ಜೊತೆ ಕಲಸಿ ಎತ್ತುಗಳ ಮುಂದೆ ಹಾಕಿದ. ಎತ್ತುಗಳು ನಾಲಿಗೆ ಹೊರಳಿಸಿಕೊಂಡು ತಿಂದವು. ಅತ್ತೆ ಬಂದು ನೋಡಿದಾಗ ಗೋದಲಿಯಲ್ಲಿ ಬುಡದ ಕಡ್ಡಿಗಳು ಮಾತ್ರ ಉಳಿದಿದ್ದವು. ದನದ ಮುಂದಿನ ಆ ಕಲ್ಲಿನ ತೊಟ್ಟಿಯಲ್ಲಿ ಕೈಯಾಡಿಸಿ ಅವಳು ಅತ್ತಳಂತೆ.

ಅತ್ತು ಸುಮ್ಮನಾಗಿದ್ದರೆ ಮುಗಿಯುತ್ತಿತ್ತೇನೋ. ಅವಳು ಕಟ್ಟೆಗೆ ಬಂದು ಕೂಲಿಯವರ ಎದುರಿಗೇ ಕೇಳಿದಳು: "ನನ್ನ ಸಾಲಿಗೆ ಕೈ ಹಾಕಾಕ ನಿಮಗ್ಯಾರು ಹೇಳಿದ್ರು?"

ಮಾವನಿಗೆ ನಾಲ್ಕು ಜನರ ಮುಂದೆ ಅವಮಾನವಾಯಿತು. "ಹೊಲ ನಂದು. ಸಾಲೇನು ನಿಮ್ಮಪ್ಪ ಹೊತ್ಕೊಂಡು ಬಂದಿದ್ದನೇನು ಕುರುಗೋಡಿನಿಂದ?" ಎಂದ.

ಆ ಮಾತಿಗೆ ಕೂಲಿಯವರು ನಕ್ಕರು. ಅದೇ ತಪ್ಪಾಯಿತು.

"ಆತು," ಅಂದಳು ಅತ್ತೆ. "ನಿಮ್ಮ ಜ್ವಾಳ ನಿಮಗ, ನನ್ನ ಅಕ್ಕಡಿ ನನಗ. ಇವತ್ತಿನಿಂದ ಎರಡೂ ಒಂದು ಗ್ವಾದಲ್ಯಾಗ ಬೀಳೂದಿಲ್ಲ."

"ನನ್ನ ಜ್ವಾಳದ ಒಂದು ಗರಿ ಮುಟ್ಟಬ್ಯಾಡ ಮತ್ತ," ಅಂದ ಮಾವ.

ಅಷ್ಟೇ. ಮಾತು ನಿಂತುಹೋಯಿತು. ಆ ವರ್ಷ ಅತ್ತೆ ತವರಿಗೆ ಬರಿಗೈಯಲ್ಲಿ ಬಂದಳು.

ಇಬ್ಬರೂ ಹಠಮಾರಿಗಳು, ಆದರೆ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಒಬ್ಬರು ಮನೆ ಬಿಟ್ಟು ಹೋಗುತ್ತಿದ್ದರು. ಇವರು ಅತ್ಯಂತ ನಿಯತ್ತಿನಿಂದ ಸಂಸಾರ ಮಾಡಿದರು. ಅವನು ಬಿತ್ತುವಾಗ ಅವಳ ಸಾಲುಗಳನ್ನು ಗೆರೆ ಹೊಡೆದ ಹಾಗೆ ಬಿಟ್ಟುಕೊಡುತ್ತಿದ್ದ. ಅವಳು ಹೊತ್ತಿಗೆ ಸರಿಯಾಗಿ ಬುತ್ತಿ ಕಟ್ಟುತ್ತಿದ್ದಳು. ಕೊಟ್ಟಿಗೆಯ ಎಡಕ್ಕೆ ಎತ್ತುಗಳ ಗೋದಲಿ, ಅದಕ್ಕೆ ಜೋಳದ ಮೇವು, ಹಾಕುವವನು ಅವನು. ಬಲಕ್ಕೆ ಎಮ್ಮೆಯ ಗೋದಲಿ, ಅದಕ್ಕೆ ಅಕ್ಕಡಿಯ ಬಳ್ಳಿ, ಬದುವಿನ ಹುಲ್ಲು, ಹಾಕುವವಳು ಅವಳು. ಜೋಳದ ಬಣವೆ ಮನೆಯ ಹಿಂದೆ ಗುಡ್ಡದಂತೆ ನಿಂತಿರುತ್ತಿತ್ತು. ಇವಳು ಅದರ ಪಕ್ಕದಲ್ಲೇ ಹಾದು, ಮೈಲುಗಟ್ಟಲೆ ನಡೆದು, ಕಾಲುವೆಯ ದಂಡೆಯಿಂದ ಹುಲ್ಲು ಹೊತ್ತು ತರುತ್ತಿದ್ದಳು. ಬೇಸಿಗೆಯಲ್ಲಿ ಆ ಹೊರೆ ಇಳಿಸಿ ಅವಳು ಗೋಡೆಗೆ ಒರಗಿ ಕೂರುವುದನ್ನು ನಾನು ನೋಡಿದ್ದೇನೆ. ನೀರು ಕೇಳುವುದಕ್ಕೂ ತ್ರಾಣ ಇರುತ್ತಿರಲಿಲ್ಲ. ಮಾವ ಕಟ್ಟೆಯ ಮೇಲಿಂದ ಅದನ್ನು ನೋಡಿ ಎದ್ದು ಒಳಗೆ ಹೋಗುತ್ತಿದ್ದ.

ಮಾತು ಬೇಕಾದರೆ ನಡುವೆ ಮಾವನ ತಾಯಿ ಚನ್ನವೀರಮ್ಮ ಇದ್ದಳು. "ಯವ್ವಾ, ನೀರು ಕಾದಾವಂತ ಹೇಳ್ರಿ" ಎಂದು ಒಳಗಿನಿಂದ ಇವಳು. "ಬೇ, ನಾಳೆ ಕಳೆ ತಗಿಯೂದೈತಿ, ರೊಟ್ಟಿ ಜಾಸ್ತಿ ಬಡಿ ಅನ್ನು" ಎಂದು ಹೊರಗಿನಿಂದ ಅವನು. ನಡುವಿನ ಬಾಗಿಲಲ್ಲಿ ಕೂತ ಮುದುಕಿ ಮೊದಮೊದಲು ಹೇಳಿದ್ದನ್ನು ಹೇಳಿದ ಹಾಗೆ ದಾಟಿಸುತ್ತಿದ್ದಳು. ಬರಬರುತ್ತ ಬೇಸತ್ತು, "ಇಬ್ಬರ ಕಿವಿನೂ ನೆಟ್ಟಗ ಅದಾವಲ್ಲ, ನನ್ನ ಬಾಯಿ ಯಾಕ ಸವೆಸ್ತೀರಿ?" ಎಂದು ರೇಗುತ್ತಿದ್ದಳು. ರೇಗಿ, ಮತ್ತೆ ದಾಟಿಸುತ್ತಿದ್ದಳು.

ಮಕ್ಕಳಾಗಲಿಲ್ಲ. ಹೇಗೆ ಆಗಬೇಕು, ಮುದುಕಿಯ ಕೈಯಲ್ಲಿ ಹೇಳಿ ಕಳಿಸುವುದಕ್ಕಾಗುತ್ತದೆಯೇ ಎಂದು ನಮ್ಮವ್ವ ಒಮ್ಮೆ ತಮಾಷೆ ಮಾಡಿದಳು. ನಮ್ಮಪ್ಪ ಊಟದ ತಟ್ಟೆ ಬಿಟ್ಟು ಎದ್ದುಹೋದ. ಆಮೇಲೆ ಆ ತಮಾಷೆಯನ್ನು ನಮ್ಮ ಮನೆಯಲ್ಲಿ ಯಾರೂ ಮಾಡಲಿಲ್ಲ.

ಅತ್ತೆಗೆ ಉಳಿದದ್ದು ಎಮ್ಮೆ. ತವರಿನಿಂದ ಬಂದ ಎಮ್ಮೆ ಸತ್ತಿತ್ತು, ಅದರ ಮಗಳಿದ್ದಳು, ಕರೆವ್ವ. ಒಳ್ಳೆ ಎತ್ತರದ ಎಮ್ಮೆ, ಅತ್ತೆಯ ಕೈ ಬಿಟ್ಟರೆ ಬೇರೆಯವರಿಗೆ ಹಾಲು ಇಳಿಸುತ್ತಿರಲಿಲ್ಲ. ಅತ್ತೆ ಅದರೊಡನೆ ಬೆಳಗಿನಿಂದ ಸಂಜೆಯತನಕ ಮಾತಾಡುತ್ತಿದ್ದಳು. ಗಂಡನಿಗೆ ಹೇಳಬೇಕಾದದ್ದು, ತವರಿಗೆ ಹೇಳಬೇಕಾದದ್ದು, ಎಲ್ಲ ಅದರ ಕಿವಿಗೆ. ಈ ಮನೆಯಲ್ಲಿ ತನ್ನದು ಅನ್ನಲು ಅವಳಿಗಿದ್ದದ್ದು ಅದೊಂದೇ.

ಎಪ್ಪತ್ತೈದರ ಆಚೀಚೆ ಚನ್ನವೀರಮ್ಮ ತೀರಿಕೊಂಡಳು. ಮಣ್ಣು ಮುಗಿಸಿ ಬಂದ ದಿನ ಅವರಿಬ್ಬರಿಗೂ ಗಾಬರಿಯಾಗಿರಬೇಕು. ಇನ್ನು ಮಾತು ದಾಟಿಸುವವರು ಯಾರು? ಆದರೆ ಮನುಷ್ಯರು ಎಲ್ಲದಕ್ಕೂ ಒಗ್ಗಿಕೊಳ್ಳುತ್ತಾರೆ. ಕೆಮ್ಮಿದರೆ ನೀರು, ತಂಬಿಗೆ ಸದ್ದು ಮಾಡಿದರೆ ಊಟ, ಬುಟ್ಟಿ ಹೊರಗಿಟ್ಟರೆ ಸಂತೆ. ಅದೂ ನಡೆಯಿತು.

ಮರುವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ ಊರಿಗೆ ಗ್ರಾಮಸೇವಕ ಬಂದ. ಚಾವಡಿಯಲ್ಲಿ ಗಂಡಸರನ್ನೆಲ್ಲ ಕೂಡಿಸಿ ಒಂದು ಹೊಸ ಮೇವಿನ ಬೀಜ ತೋರಿಸಿದ. ಬರ್ಸೀಮ್ ಎಂದು ಅದರ ಹೆಸರು. ಜೋಳದ ನಡುವೆ ಅಕ್ಕಡಿಯಂತೆ ಹಾಕಿರಿ, ನೀರು ಕೊಡಿರಿ, ಕೊಯ್ದಷ್ಟೂ ಚಿಗುರುತ್ತದೆ, ಹಾಲು ಹೆಚ್ಚುತ್ತದೆ ಎಂದ. ಭತ್ತದವರು ಆಕಳಿಸಿದರು. ಜೋಳದ ಹೊಲ ಉಳಿಸಿಕೊಂಡಿದ್ದವನು ಮಾವನೊಬ್ಬ. ಬೀಜದ ಗಂಟು ಅವನ ಕೈಗೆ ಬಂತು.

ಅಕ್ಕಡಿಯ ಬೀಜ ತಾನೇ, ಅಂದರೆ ಅವಳದು. ಅವನು ಅದನ್ನು ಮನೆಗೆ ತಂದು, ಎಮ್ಮೆಯ ಗೋದಲಿಯ ಅಂಚಿನ ಮೇಲಿಟ್ಟು ಹೋದ.

ಅತ್ತೆ ಗಂಟು ಬಿಚ್ಚಿ ನೋಡಿದಳು. ಎಳ್ಳಿಗಿಂತ ಸಣ್ಣ ಬೀಜ. ಮರಳು ಬೆರೆಸಿ, ಉಡಿಯಲ್ಲಿ ಕಟ್ಟಿಕೊಂಡು, ಅವನು ಬಿಟ್ಟ ಸಾಲಿನಲ್ಲಿ ಉದುರಿಸಿದಳು. ಮೊಳಕೆ ಎದ್ದಾಗ ಪ್ರತಿ ಕಡ್ಡಿಗೂ ಮೂರು ಮೂರು ಎಲೆ. "ಪತ್ರಿ ಇದ್ದಂಗ ಐತಿ" ಎಂದು ಖುಷಿಪಟ್ಟು, ಅದಕ್ಕೆ ಮೂರೆಲಿ ಎಂದು ಹೆಸರಿಟ್ಟಳು. ಜೋಳದ ನೆರಳಿನಲ್ಲಿ ಅದು ಮೆತ್ತಗೆ ಹಬ್ಬಿತು. ಅವಳು ಮೊದಲ ಸಲ ಕೊಯ್ದು ಸ್ವಲ್ಪ ಸ್ವಲ್ಪವಾಗಿ, ಬದುವಿನ ಹುಲ್ಲಿನ ಜೊತೆ ಕೊಟ್ಟಳು. ಕರೆವ್ವ ಎಂದೂ ಕೊಡದಷ್ಟು ಹಾಲು ಕೊಟ್ಟಿತು. ಅದರ ಕಾಲ ಹತ್ತಿರ ಮೂರು ತಿಂಗಳ ಹೆಣ್ಣು ಕರು ಬೇರೆ. ಕಾಲುವೆಯ ದಂಡೆಗೆ ಹುಲ್ಲಿಗೆಂದು ಹೋಗುವುದು ತಪ್ಪಿತು ಎಂದು ಅತ್ತೆ ನಿಟ್ಟುಸಿರುಬಿಟ್ಟಳು. ಅಷ್ಟು ವರ್ಷದಲ್ಲಿ ಅವಳ ಬೆನ್ನಿಗೆ ಸಿಕ್ಕ ಮೊದಲ ಬಿಡುವು ಅದು.

ಮುಂದಿನದನ್ನು ನನಗೆ ಅತ್ತೆಯೂ ಹೇಳಿದ್ದಾಳೆ, ಪಕ್ಕದ ಮನೆಯ ಮಾರೆಣ್ಣನೂ ಹೇಳಿದ್ದಾನೆ. ಎರಡೂ ಒಂದೇ ತರ ಇವೆ.

ಎರಡನೆಯ ಚಿಗುರು ಮೊಣಕಾಲೆತ್ತರ ಬಂದಿತ್ತು. ಬೆಳಿಗ್ಗೆ ಮಾವ ನೀರು ತಿರುವುವುದಕ್ಕೆ ಹೋಗಿದ್ದ. ಅಂದು ಇಬ್ಬನಿ ಸುರಿದು ಮೂರೆಲಿ ತೊಯ್ದು ತೊಪ್ಪೆಯಾಗಿತ್ತು. ಹುಲ್ಲು ತಂದು ಆಗಲೇ ಎರಡು ದಿನವಾಗಿತ್ತು, ಅವಳ ಪಾಲಿನದು ಒಂದು ಒಣ ಕಡ್ಡಿಯೂ ಮನೆಯಲ್ಲಿ ಉಳಿದಿರಲಿಲ್ಲ. ಅತ್ತೆ ದೊಡ್ಡ ಹೊರೆ ಕೊಯ್ದು ತಂದು ಅದನ್ನಷ್ಟೇ ಕರೆವ್ವನ ಮುಂದೆ ಸುರಿದಳು. ಎಮ್ಮೆ ನಾಲ್ಕು ತುತ್ತು ತಿಂದು ನಿಲ್ಲಿಸಿತು. ಕುತ್ತಿಗೆ ಚಾಚಿ ಎಡಗಡೆಯ ಗೋದಲಿಗೆ ಬಾಯಿ ಹಾಕಿತು. ಅಲ್ಲಿ ಮಾವ ಎತ್ತುಗಳಿಗೆಂದು ಹಾಕಿಟ್ಟ ಜೋಳದ ದಂಟಿತ್ತು. ಅತ್ತೆ ಅದರ ಮುಸುಡಿ ಹಿಡಿದು ಈಚೆಗೆ ತಂದಳು. ಅದು ಮತ್ತೆ ಚಾಚಿತು. "ನಮ್ಮದಲ್ಲವ್ವಾ ಅದು, ಬ್ಯಾಡ" ಎಂದು ಬೈದು, ಹಗ್ಗವನ್ನು ಮೋಟಾಗಿ ಬಿಗಿದು ಕಟ್ಟಿ, ಕಸ ಗುಡಿಸುವುದಕ್ಕೆ ಹೋದಳು. ಹಸಿದ ಎಮ್ಮೆ ಮುಂದಿದ್ದ ಹಸಿ ಮೇವನ್ನೆಲ್ಲ ಮುಗಿಸಿತು.

ಅಂಗಳ ಗುಡಿಸಿ ಬರುವಷ್ಟರಲ್ಲಿ ಎಮ್ಮೆಯ ಎಡ ಪಕ್ಕೆ ಉಬ್ಬಿ ಬೆನ್ನಿನ ಮೇಲೆದ್ದಿತ್ತು. ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು. ಅತ್ತೆ ಕೂಗಿಕೊಂಡಳು. ಮಾರೆಣ್ಣ ಗೋಡೆ ಹಾರಿ ಬಂದ. ಅವನು ಎಮ್ಮೆಯ ತಲೆ ಎತ್ತಿ ಹಿಡಿದ, ಅವಳು ಬಿದಿರಿನ ಗೊಟ್ಟದಲ್ಲಿ ಎಣ್ಣೆ ಹೊಯ್ದಳು. ಅರ್ಧ ಒಳಗೆ, ಅರ್ಧ ನೆಲಕ್ಕೆ.

"ಅಣ್ಣನ್ನ ಕರೀಬೇ, ಜಲ್ದಿ! ನನ್ನೊಬ್ಬನಿಂದ ಆಗೂದಿಲ್ಲ ಇದು," ಅಂದ ಮಾರೆಣ್ಣ.

ಅತ್ತೆ ಹೊಲದ ಬದುವಿನತನಕ ಓಡಿದಳು. ಗಂಡ ದೂರದಲ್ಲಿ ಬಗ್ಗಿ ನೀರು ಕಟ್ಟುತ್ತಿದ್ದ. ಗಂಡನ ಹೆಸರು ಹಿಡಿದು ಕೂಗುವ ಪದ್ಧತಿ ಇಲ್ಲ. "ಏನ್ರೀ" ಎಂಬ ಮಾತು ಅವಳ ಬಾಯಿಂದ ಹೊರಟು ಎಷ್ಟೋ ವರ್ಷವಾಗಿತ್ತು. "ಬಾಯಿ ತಗದೆ, ಏನಂತ ಕರೀಲಿ ತಿಳೀಲಿಲ್ಲವ್ವಾ" ಎಂದು ಅವಳು ನನಗೆ ಹೇಳಿದಾಗ ನಾನು ಮುಖ ಆಚೆ ತಿರುಗಿಸಿದೆ. ಕಡೆಗೆ ಅವಳು ಕೂಗಿದ್ದು ಇಷ್ಟು: "ಕರೆವ್ವ ಸಾಯಾಕತ್ತಾಳ್ರೀ!"

ಮಾವ ಸಲಿಕೆ ಎಸೆದು ಓಡಿಬಂದ. ಎಮ್ಮೆಯ ಬಾಯಿಗೆ ಅಡ್ಡ ಕೋಲು ಕಟ್ಟಿದ, ಪಕ್ಕೆ ತಿಕ್ಕಿದ, ಇಬ್ಬರೂ ಸೇರಿ ಅದನ್ನು ಎಬ್ಬಿಸಿ ನಡೆಸುವುದಕ್ಕೆ ನೋಡಿದರು. ಮಾರೆಣ್ಣ ದನದ ಡಾಕ್ಟರನ್ನು ಕರೆತರಲು ಸೈಕಲ್ ಹತ್ತಿ ಸಿರುಗುಪ್ಪಕ್ಕೆ ಹೊರಟ. ಅವನು ಊರ ಹೊರಗಿನ ಕಾಲುವೆ ದಾಟಿರಲಿಕ್ಕಿಲ್ಲ, ಕರೆವ್ವ ಮೊಣಕಾಲೂರಿ ಬಿತ್ತು, ಕಾಲು ಝಾಡಿಸಿ ಸುಮ್ಮನಾಯಿತು.

ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಹೂಳಿದರು. ಸಂಜೆ ಮಾವ ಕೊಟ್ಟಿಗೆಯ ಕಲ್ಲಿನ ಮೇಲೆ ಕೂತಿದ್ದ. ಅತ್ತೆ ಖಾಲಿ ಗೋದಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ತಾಯಿಯಿಲ್ಲದ ಕರು ಕೂಗುತ್ತಲೇ ಇತ್ತು. ಮಾವ ನಡುವಿನ ಬಾಗಿಲ ಕಡೆ, ಅವನ ತಾಯಿ ಕೂರುತ್ತಿದ್ದ ಜಾಗದ ಕಡೆ ತಿರುಗಿ ಹೇಳಿದ: "ಬೇ, ಆಕಿಗೆ ಹೇಳು..."

ಹೇಳಿ ನಿಲ್ಲಿಸಿದ. ಬಾಗಿಲು ಖಾಲಿ ಇತ್ತು. ಆಮೇಲೆ ಅವನು ಮುಖ ತಿರುಗಿಸಿ ನೇರವಾಗಿ ಅತ್ತೆಗೇ ಹೇಳಿದ.

"ನನಗ ಗೊತ್ತಿತ್ತು. ಚಾವಡ್ಯಾಗ ಹೇಳಿದ್ದ ಆ ಗ್ರಾಮಸೇವಕ. ಹಸೀದು ಬರೇ ಹಾಕಿದ್ರ ಹೊಟ್ಟಿ ಉಬ್ಬತೈತಿ, ಜ್ವಾಳದ ಜೋಡಿ ಕಲಸಿ ಹಾಕ್ರಿ ಅಂತ."

ಅತ್ತೆ ತಲೆ ಎತ್ತಿದಳು. "ಮತ್ತ ನನಗ್ಯಾಕ ಹೇಳಲಿಲ್ಲ?"

"ಜ್ವಾಳ ಮುಟ್ಟಬ್ಯಾಡ ಅಂದಾವ ನಾನ. ನಾನ ಹೋಗಿ ಕಲಸು ಅಂತ ಹೆಂಗ ಹೇಳ್ಲಿ? ಬೇಕಾದ್ರ ಕೇಳ್ತಾಳ ಅಂತ ಕುಂತಿದ್ದೆ."

"ಇಷ್ಟು ಹೇಳಾಕ ನನ್ನ ಎಮ್ಮಿ ಬೇಕಾತೇನ್ರಿ ನಿಮಗ?" ಅಂದಳು ಅತ್ತೆ. ಕೂಗಲಿಲ್ಲ. ಕೂಗುವ ತ್ರಾಣ ಎಲ್ಲಿತ್ತು.

ಮಾವ ಅಳುತ್ತಿದ್ದ. ಅವಳು ತನ್ನ ಅಂಗೈ ನೋಡಿಕೊಂಡು ಹೇಳಿದಳು: "ಅದಕ್ಕೂ ಗೊತ್ತಿತ್ರಿ. ಎರಡು ಸಲ ನಿಮ್ಮ ಜ್ವಾಳಕ್ಕ ಬಾಯಿ ಹಾಕ್ತು. ನಾನ ಹಗ್ಗ ಮೋಟ ಮಾಡಿ ಕಟ್ಟಿದೆ. ನಾನ, ಈ ಕೈಲೇ."

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಷ್ಟು ವರ್ಷ ಸುಮ್ಮನಿದ್ದ ಬಾಯಿಗೆ ಒಂದೇ ದಿನದಲ್ಲಿ ಮಾತು ಎಲ್ಲಿಂದ ಬರಬೇಕು? ಮರುದಿನ ಮಾವ ಜೋಳದ ದಂಟು ಕತ್ತರಿಸಿ ತಂದು ಕರುವಿನ ಮುಂದೆ ಹಾಕಿದ. ಅತ್ತೆ ಬಿಸಿಲಿಗೆ ಬಾಡಿಸಿದ ಮೂರೆಲಿಯನ್ನು ಅದರ ಮೇಲೆ ಸುರಿದಳು. ಇಬ್ಬರೂ ಆಚೆಯೊಬ್ಬರು ಈಚೆಯೊಬ್ಬರು ನಿಂತರು. ಕಡೆಗೆ ಅತ್ತೆಯೇ ಕೈ ಹಾಕಿ ಕಲಸಿದಳು. ಆ ಕರು ಬದುಕಿತು. ಮಾವ ಮುಂದೆ ಎಡಗಡೆಯ ಗೋದಲಿಯ ಕಲ್ಲು ಕಿತ್ತು ಬಲಗಡೆಯದಕ್ಕೆ ಕೂಡಿಸಿ, ಉದ್ದಕ್ಕೂ ಒಂದೇ ಗೋದಲಿ ಮಾಡಿದ. ಊರವರು ಏನೋ ಹಾಲಸಿದ್ದಪ್ಪ ಇದು ಎಂದು ಕೇಳಿದರೆ, ಜಾಗ ಉಳೀತೈತಿ ಎನ್ನುತ್ತಿದ್ದ.

ನಾನು ಮದುವೆಯಾಗಿ ಬಳ್ಳಾರಿಯ ಪಾರ್ವತಿನಗರಕ್ಕೆ ಬಂದ ಮೇಲೆ ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ಎಂಬತ್ತೈದರ ಚಳಿಗಾಲದಲ್ಲಿ ಒಮ್ಮೆ ಹೋದೆ. ಊರ ಸುತ್ತ ಎಲ್ಲಿ ನೋಡಿದರೂ ಭತ್ತದ ಕೂಳೆ. ಇವರ ಹೊಲದಲ್ಲಿ ಮಾತ್ರ ಜೋಳ, ನಡುನಡುವೆ ಮೂರೆಲಿಯ ಸಾಲು. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಅತ್ತೆಯ ಕೈಯ ಗೆಣ್ಣು ಊದಿ ಬೆರಳು ಮಡಚುವುದಕ್ಕೆ ಬರುತ್ತಿರಲಿಲ್ಲ. ಮಾವ ಎರಡೂ ಮೇವನ್ನು ತಂದು ಗೋದಲಿಗೆ ಸುರಿದು, ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಕರೆವ್ವನ ಮೊಮ್ಮಗಳು ಕಾಯುತ್ತಾ ನಿಂತಿತ್ತು.

"ಸರೀರಿ ಅತ್ತಿ, ನಾ ಕಲಸ್ತೀನಿ," ಎಂದೆ.

ತೋಳು ಮಡಚಿ ಎರಡೂ ಕೈ ಹಾಕಿದೆ. ಕೆಳಗಿನಿಂದ ಮೇಲಕ್ಕೆ ಎರಡು ಸಲ, ಅಡ್ಡಕ್ಕೆ ಒಂದು ಸಲ. ಜೋಳದ ಗರಿಯೂ ಮೂರೆಲಿಯೂ ಬೆರೆತುಹೋದವು. ಕೈ ಝಾಡಿಸಿ ಎದ್ದು ನಿಂತೆ. ಎಮ್ಮೆ ಬಾಯಿ ಹಾಕಿತು.

"ಇಷ್ಟೇ ಏನತ್ತಿ ಕೆಲಸ?" ಎಂದೆ. ಸುಮ್ಮನೆ ಕೇಳಿದ್ದು, ಬೇರೆ ಏನೂ ಮನಸ್ಸಿನಲ್ಲಿರಲಿಲ್ಲ.

ಅತ್ತೆ ನನ್ನ ಮುಖ ನೋಡಲಿಲ್ಲ. ಕಲ್ಲಿನ ಮೇಲೆ ಕೂತಿದ್ದ ಗಂಡನ ಕಡೆ ನೋಡಿದಳು.

"ಕೇಳಿದಿರೇನ್ರಿ? ಇಷ್ಟೇ ಏನು ಅಂತಾಳ," ಅಂದಳು.

ಮಾವ ತಲೆ ತಗ್ಗಿಸಿಕೊಂಡು, ಹೌದು ಎನ್ನುವ ಹಾಗೆ ಅಲ್ಲಾಡಿಸಿದ. ಅತ್ತೆ ಹೋಗಿ ಅವನ ಪಕ್ಕದಲ್ಲಿ ಕೂತಳು. ಎಮ್ಮೆ ಮೇಯುವುದನ್ನು ಇಬ್ಬರೂ ನೋಡುತ್ತ ಕೂತರು. ನಾನು ಕೈ ತೊಳೆಯಲು ಬಚ್ಚಲಿಗೆ ಹೋದೆ.